ಕೇರಿದ ಮೇಲೆ ಉಳಿದಷ್ಟು: ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳ ಎರಡು ದಿನದ ಟ್ರೇನಿಂಗ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಎರಡನೇ ದಿನ ಬೆಳಗ್ಗೆಯ ಮೂರು ಗಂಟೆಯ ಪಾಠ ಇರದಿದ್ದರೆ ಒಂದೇ ಒಂದು ಕೊಟ್ಟು ಸುಮ್ಮನಾಗುತ್ತಿದ್ದೆ.

ನಾನು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟ್ ಬ್ಯಾಚ್ ಸೂಪರ್‌ವೈಸರ್. ಹೆಲ್ಪರ್ ಆಗಿ ಸೇರಿದವಳು, ದಾರ ಕತ್ತರಿಸುತ್ತಾ ಮಿಷನ್ ಕಲಿತೆ, ಹನ್ನೊಂದು ವರ್ಷ ಟೈಲರ್ ಕೆಲಸ ಮಾಡಿದೆ, ಈಗ ಮೂರು ವರ್ಷದಿಂದ ಬ್ಯಾಚ್ ನೋಡಿಕೊಳ್ಳುತ್ತಿದ್ದೇನೆ. 42 ಜನ ಇದ್ದಾರೆ, ಇಬ್ಬರು ಹುಡುಗರನ್ನು ಬಿಟ್ಟರೆ ಎಲ್ಲ ಹೆಂಗಸರೇ. ಹೋದ ತಿಂಗಳು ಎಚ್‌ಆರ್ ನಮ್ಮ ಫ್ಲೋರಿನಿಂದ ಆರು ಸೂಪರ್‌ವೈಸರ್‌ಗಳ ಹೆಸರು ಬರೆದುಕೊಂಡು, ಎರಡು ದಿನ ಆನ್ ಡ್ಯೂಟಿ, ತುಮಕೂರು ರಸ್ತೆಯ ಹೋಟೆಲಿನಲ್ಲಿ ಟ್ರೇನಿಂಗ್, ಊಟ ಅಲ್ಲೇ ಅಂದರು. ಟ್ರೇನಿಂಗಿನ ಹೆಸರು ‘ಕೇರಿಂಗ್ ಲೀಡರ್‌ಶಿಪ್’. ಮನೆಯಲ್ಲಿ ಅಮ್ಮನಿಗೆ ಹೇಳಿದರೆ, ‘ಕೇರೋದಾ? ಮೊರ ಹಿಡಿಯೋಕೂ ಎರಡು ದಿನ ಟ್ರೇನಿಂಗ್ ಕೊಡ್ತಾರಾ ಈಗ?’ ಅಂದರು. ಸುಮ್ನೆ ತಮಾಷೆಗೆ ಅಂದಿದ್ದಲ್ಲ, ನಿಜವಾಗಲೂ ಹಾಗೇ ಕೇಳಿಸಿತ್ತು. ಆದರೆ ಈಗ ಕೂತು ಯೋಚಿಸಿದರೆ ಅಮ್ಮ ಹೇಳಿದ್ದೇ ಸರಿ. ಮೊದಲ ದಿನದ್ದೆಲ್ಲ ಹೊಟ್ಟು, ಕಾಳು ಇದ್ದದ್ದು ಎರಡನೇ ದಿನ.

ಟ್ರೇನಿಂಗ್ ಕೊಟ್ಟ ಕಂಪನಿಯ ಹೆಸರು ಹಾಕುವುದಿಲ್ಲ. ಇಂಥ ಟ್ರೇನಿಂಗ್ ಕೊಡುವವರು ಹತ್ತಾರು ಜನ ಇದ್ದಾರೆ, ಎಲ್ಲರ ಬ್ಯಾಗಿನಲ್ಲೂ ಹೆಚ್ಚುಕಡಿಮೆ ಇದೇ ಸರಕು ಇರುತ್ತದೆ ಎಂದು ಬೇರೆ ಫ್ಯಾಕ್ಟರಿಯ ಗೆಳತಿಯರು ಹೇಳಿದರು. ಹಾಗಾಗಿ ನಿಮ್ಮ ಎಚ್‌ಆರ್ ಯಾರನ್ನೇ ಕರೆಸಿದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲ ದಿನ. ಹಾಲ್‌ನಲ್ಲಿ ಎಸಿ ಎಷ್ಟು ಜೋರಾಗಿತ್ತು ಅಂದರೆ ಇಡೀ ದಿನ ಸೆರಗು ಹೊದ್ದುಕೊಂಡೇ ಕೂತೆ. ಟ್ರೇನರ್ ಒಳ್ಳೆಯ ಹುಡುಗ, ನಗುಮುಖ, ಕೋಟು ಹಾಕಿಕೊಂಡಿದ್ದ. ಸ್ಲೈಡ್ ಎಲ್ಲ ಇಂಗ್ಲಿಷಿನಲ್ಲಿ. ಅವನೇ ಕನ್ನಡದಲ್ಲಿ ಹೇಳುತ್ತಿದ್ದ ನಿಜ, ಆದರೆ ಅದು ಸ್ಲೈಡ್ ನೋಡಿಕೊಂಡು ಒಂದೊಂದೇ ಪದ ಹುಡುಕಿ ಹೇಳುವ ಕನ್ನಡ. ಪೇಪರ್ ಕಪ್ಪುಗಳನ್ನು ಗೋಪುರದ ಹಾಗೆ ಜೋಡಿಸುವ ಆಟ ಆಡಿಸಿದ. ಆಮೇಲೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಬ್ಬರು ದಾರಿ ತೋರಿಸುವ ಆಟ. ಚೆನ್ನಾಗಿಯೇ ಇತ್ತು, ನಕ್ಕೆವು. ಶಾಲೆ ಬಿಟ್ಟ ಮೇಲೆ ಹೀಗೆ ಆಡಿದ್ದೇ ಇಲ್ಲ. ಆದರೆ ಇದರಿಂದ ನನಗೆ ಏನು ಕಲಿಸಲು ಹೊರಟಿದ್ದಾನೆ ಎಂದು ಸಂಜೆವರೆಗೂ ಗೊತ್ತಾಗಲಿಲ್ಲ.

ಯಾರದ್ದಾದರೂ ತಪ್ಪು ಹೇಳಬೇಕಾದರೆ ಮೊದಲು ಒಂದು ಒಳ್ಳೆ ಮಾತು, ನಡುವೆ ತಪ್ಪು, ಕೊನೆಗೆ ಮತ್ತೆ ಒಂದು ಒಳ್ಳೆ ಮಾತು ಹೇಳಬೇಕಂತೆ. ಸ್ಯಾಂಡ್‌ವಿಚ್ ಅನ್ನುತ್ತಾರಂತೆ ಇದಕ್ಕೆ. ಕೆಲಸದವರ ಜೊತೆ ವಾರಕ್ಕೆ ಅರ್ಧ ಗಂಟೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕಂತೆ. ನಾನು ಪೆನ್ನು ತೆಗೆದು ಲೆಕ್ಕ ಹಾಕಿದೆ. 42 ಜನ, ಅರ್ಧ ಗಂಟೆ, ಒಟ್ಟು 21 ಗಂಟೆ. ವಾರಕ್ಕೆ ನಮ್ಮ ಕೆಲಸ ಇರುವುದೇ 48 ಗಂಟೆ. ಕೈ ಎತ್ತಿ ಕೇಳಿದೆ, ‘ಸಾರ್, ಹಂಗೆ ಮಾಡಿದ್ರೆ ಬಂಡಲ್ ಯಾರು ಕಳಿಸ್ತಾರೆ?’ ಎಲ್ಲರೂ ನಕ್ಕರು, ಅವನೂ ನಕ್ಕ, ಮುಂದಿನ ಸ್ಲೈಡ್‌ಗೆ ಹೋದ. ತಪ್ಪು ಅವನದ್ದಲ್ಲ ಬಿಡಿ. ಕಂಪ್ಯೂಟರ್ ಮುಂದೆ ಕೂರುವವರಿಗೆ ಮಾಡಿದ ಪಾಠವನ್ನು ತಂದು ಮಿಷನ್ ಮುಂದೆ ಕೂರುವವರಿಗೆ ಒಪ್ಪಿಸಿದರೆ ಹೀಗೇ ಆಗುವುದು.

ಊಟಕ್ಕೆ ಮಾತ್ರ ಪೂರ್ತಿ ಮಾರ್ಕ್ಸ್. ಜೀರಾ ರೈಸ್, ಪನ್ನೀರ್, ಬಿಸಿಬಿಸಿ ಜಾಮೂನು, ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು. ಒಂದು ಗಂಟೆ ಕೂತು ಉಂಡೆವು. ಫ್ಲೋರಿನಲ್ಲಿ ಕೈ ತೊಳೆಯುವ ಕ್ಯೂ ಸೇರಿ ಅರ್ಧ ಗಂಟೆ ಸಿಕ್ಕರೆ ದೊಡ್ಡದು. ಕೆಲಸದವರನ್ನು ಮನುಷ್ಯರ ಹಾಗೆ ನೋಡಿಕೊಳ್ಳಿ ಎಂದು ಅವತ್ತು ನನಗೆ ನಿಜವಾಗಿ ಹೇಳಿಕೊಟ್ಟಿದ್ದು ಆ ಊಟದ ಟೇಬಲ್ ಒಂದೇ.

ಎರಡನೇ ದಿನ ಬೇರೆಯವರು ಬಂದರು. ಐವತ್ತು ದಾಟಿದ ಹೆಂಗಸು, ಕಾಟನ್ ಸೀರೆ, ಮಾತಿನಲ್ಲಿ ಮಂಡ್ಯ ಇಣುಕುತ್ತಿತ್ತು. ಹಿಂದೆ ಗಾರ್ಮೆಂಟ್ಸ್‌ನಲ್ಲೇ ಚೆಕ್ಕಿಂಗ್‌ನಲ್ಲಿ ಇದ್ದವರಂತೆ. ಸ್ಲೈಡ್ ಹಾಕಲಿಲ್ಲ. ಬಂದವರೇ ಎಸಿ ಕಡಿಮೆ ಮಾಡಿಸಿದರು, ಅಲ್ಲೇ ಅರ್ಧ ಮಾರ್ಕ್ಸ್ ಗೆದ್ದರು. ಆಮೇಲೆ ಒಂದೇ ಪ್ರಶ್ನೆ. ‘ಮೊನ್ನೆ ನಿಮ್ಮ ಬ್ಯಾಚ್‌ನಲ್ಲಿ ಎಷ್ಟು ಜನ ರಜಾ?’

ಎಲ್ಲರೂ ಪಟಪಟ ಹೇಳಿದೆವು. ನಾಲ್ಕು, ಆರು, ಮೂರು. ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೆ ಆ ಲೆಕ್ಕ ನಮ್ಮ ಬಾಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಪಿಎಂ, ಅಂದರೆ ಪ್ರೊಡಕ್ಷನ್ ಮ್ಯಾನೇಜರ್, ಬಿಡುವುದಿಲ್ಲ.

‘ಸರಿ. ಯಾಕೆ ರಜಾ ಹಾಕಿದ್ರು?’

ಯಾರೂ ಮಾತಾಡಲಿಲ್ಲ. ಇಪ್ಪತ್ತೆರಡು ಸೂಪರ್‌ವೈಸರ್‌ಗಳು ಆ ರೂಮಿನಲ್ಲಿ ಇದ್ದೆವು. ನನ್ನ ಬ್ಯಾಚಿನಲ್ಲಿ ಐದು ಜನ ಬಂದಿರಲಿಲ್ಲ, ಅದರಲ್ಲಿ ಒಬ್ಬಳ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಅವಳದ್ದೂ ನನಗೆ ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ. ಕಥೆ ಹೇಳಿದರು. ಕಥೆ ಅಂದರೆ ನಡೆದದ್ದೇ. ಬೆಂಗಳೂರಿನ ಶಾಹಿ ಗಾರ್ಮೆಂಟ್ಸ್‌ನ ಐದು ಫ್ಯಾಕ್ಟರಿಗಳಲ್ಲಿ ಹೆಣ್ಣುಮಕ್ಕಳಿಗೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ದುಡ್ಡಿನ ಲೆಕ್ಕ, ಆರೋಗ್ಯ ಇಂಥದ್ದನ್ನೆಲ್ಲ ಕೆಲಸದ ಜೊತೆಗೇ ವಾರವಾರ ಸ್ವಲ್ಪ ಸ್ವಲ್ಪ, ತಿಂಗಳುಗಟ್ಟಲೆ ಹೇಳಿಕೊಟ್ಟರಂತೆ. ಯಾರಿಗೆ ಕೊಡುವುದು ಎಂದು ಚೀಟಿ ಎತ್ತಿದ ಹಾಗೆ ಆರಿಸಿ, ಕಲಿತವರನ್ನೂ ಕಲಿಯದವರನ್ನೂ ಹೋಲಿಸಿ ನೋಡಿದರಂತೆ. ಕಲಿತವರ ಕೆಲಸ ಸುಧಾರಿಸಿತು, ಟ್ರೇನಿಂಗ್ ಮುಗಿದ ಎಂಟು ತಿಂಗಳಿಗೆ ಕಂಪನಿ ಹಾಕಿದ ದುಡ್ಡಿನ ಮೇಲೆ ಸುಮಾರು ಶೇ. 250 ಲಾಭ ಬಂತು. ಇನ್ನೊಂದು 2016ರದ್ದು. ಆ ವರ್ಷ ಕನಿಷ್ಠ ಕೂಲಿ ಏರಿದ್ದು ಜನ ಅಂದುಕೊಂಡಷ್ಟು ಇರಲಿಲ್ಲ. ಆಗ ಒಂದಷ್ಟು ಜನರನ್ನು ಆರಿಸಿ, ಕೂಲಿ ಬಗ್ಗೆ, ಕೆಲಸದ ಬಗ್ಗೆ, ಸೂಪರ್‌ವೈಸರ್ ಬಗ್ಗೆ ನಿಮಗೆ ಏನನ್ನಿಸುತ್ತೆ ಹೇಳಿ, ಹೆಸರು ಬೇಡ ಎಂದು ಕೇಳಿದರು. ಅಷ್ಟೇ, ಕೂಲಿ ಏನೂ ಜಾಸ್ತಿ ಮಾಡಲಿಲ್ಲ. ಆದರೂ ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟು ಹೋಗುವವರು ಸುಮಾರು ಶೇ. 20ರಷ್ಟು ಕಡಿಮೆಯಾದರು.

ಇದನ್ನು ಕೇಳಿದಾಗ ನನಗೆ ಅದೇ 2016ರ ಏಪ್ರಿಲ್ ನೆನಪಾಯಿತು. ಪಿಎಫ್‌ನಲ್ಲಿ ಕಂಪನಿ ಹಾಕುವ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಎಂದು ಹೊಸ ನಿಯಮ ಬಂದಿತ್ತು. ಮಗಳ ಮದುವೆ, ಸಾಲ, ಮನೆ ಲೀಸು, ಎಲ್ಲದಕ್ಕೂ ನಮಗೆ ಇದ್ದ ಒಂದೇ ಗಂಟು ಅದು. ಎರಡು ದಿನ ಸಾವಿರಾರು ಹೆಂಗಸರು ರಸ್ತೆಗೆ ಇಳಿದೆವು. ನಾಯಕರು ಅಂತ ಯಾರೂ ಇರಲಿಲ್ಲ. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆವತ್ತು ಟಿವಿಯವರೆಲ್ಲ ಇವರು ಇದ್ದಕ್ಕಿದ್ದಂತೆ ಹೇಗೆ ಎದ್ದರು ಅಂತ ಕೇಳುತ್ತಿದ್ದರು. ಇದ್ದಕ್ಕಿದ್ದಂತೆ ಅಲ್ಲ ಸ್ವಾಮಿ. ಫ್ಲೋರಿನಲ್ಲಿ ವಾರಗಟ್ಟಲೆ ಅದೇ ಮಾತು ನಡೆದಿತ್ತು. ಕೇಳಿಸಿಕೊಳ್ಳುವ ಜಾಗದಲ್ಲಿ ಇದ್ದವರು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಸರಿ, ಟ್ರೇನಿಂಗಿಗೆ ಬರುತ್ತೇನೆ. ಟೀ ಆದ ಮೇಲೆ ಒಂದು ನಾಟಕ ಆಡಿಸಿದರು. ನಾನು ಟೈಲರ್, ಬೇರೆ ಫ್ಯಾಕ್ಟರಿಯ ಒಬ್ಬರು ಸೂಪರ್‌ವೈಸರ್. ಗಂಟೆಗೆ 60 ಪೀಸ್ ಕೊಡಬೇಕಾದ ಕಡೆ ನಾನು 40 ಕೊಟ್ಟಿದ್ದೇನೆ. ‘ದಿನಾ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ, ನಾಚಿಕೆ ಬೇಡ’ ಅಂದರು. ಆತ ಎದ್ದು ಬಂದು ನನ್ನ ಕುರ್ಚಿ ಪಕ್ಕ ನಿಂತು, ಮೇಜಿನ ಮೇಲೆ ಪೆನ್ನಿನಿಂದ ಟಕ್ ಟಕ್ ಎಂದು ಕುಟ್ಟಿ, ‘ಏನಮ್ಮಾ, ಕೈಗೆ ಲಕ್ವ ಹೊಡೆದಿದ್ಯಾ? ಆಗಲ್ಲ ಅಂದ್ರೆ ಗೇಟ್ ತೆರೆದೇ ಇದೆ’ ಅಂದರು.

ಮೂರು ವರ್ಷದಿಂದ ನಾನೂ ಅದೇ ಮಾತು ಆಡುತ್ತಿದ್ದೇನೆ. ಹೆಚ್ಚುಕಡಿಮೆ ಅದೇ ಪದಗಳು, ಪೆನ್ನು ಕುಟ್ಟುವುದೂ ಸೇರಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಅದನ್ನೇ ಕೇಳಿಸಿಕೊಂಡಿದ್ದೇನೆ. ನಾಟಕ ಅಂತ ಗೊತ್ತಿದ್ದೂ ನನ್ನ ಕಿವಿ ಬಿಸಿಯಾಯಿತು, ಕೈ ನಡುಗಿತು, ಎದುರಿಗೆ ಮಿಷನ್ ಇದ್ದಿದ್ದರೆ ಬೆರಳಿಗೆ ಸೂಜಿ ಹೊಡೆಸಿಕೊಳ್ಳುತ್ತಿದ್ದೆ. ಆ ಮೇಡಂ ಕೇಳಿದರು, ‘ಈಗ ನಿಮ್ಮ ಪೀಸ್ ಜಾಸ್ತಿ ಆಗುತ್ತಾ?’ ಜಾಸ್ತಿ ಆಗುತ್ತೆ, ಒಂದು ಹತ್ತು ನಿಮಿಷ. ಆಮೇಲೆ ಅದರಲ್ಲಿ ಅರ್ಧ ಆಲ್ಟರ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯೋಕೆ, ವಾಪಸ್ ಬರುತ್ತೆ. ಇದು ಫ್ಲೋರಿನಲ್ಲಿ ಇರುವ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಆಮೇಲೆ ಅಸ್ಸಾಮಿನ ಟೀ ತೋಟದ ವಿಷಯ ಹೇಳಿದರು. ನಲವತ್ತು ದಾಟಿದ, ಹತ್ತಿರದ್ದು ಸರಿಯಾಗಿ ಕಾಣದ ಕೆಲಸದವರಲ್ಲಿ ಅರ್ಧ ಜನಕ್ಕೆ ಚಾಳೀಸು ಕೊಟ್ಟು ನೋಡಿದರಂತೆ. ಅವರು ಕೀಳುವ ಎಲೆ ಸುಮಾರು ಶೇ. 22ರಷ್ಟು ಹೆಚ್ಚು ಬಂತು, 2018ರಲ್ಲಿ ಡಾಕ್ಟರುಗಳ ಪತ್ರಿಕೆಯಲ್ಲಿ ಅಚ್ಚಾಗಿದೆ. ಕನ್ನಡಕ ಅಷ್ಟೇ, ಬೇರೇನೂ ಇಲ್ಲ. ನಾನು ಇದನ್ನು ಬರೆದುಕೊಂಡೆ, ಆದರೆ ನನ್ನ ಬ್ಯಾಚಿಗೂ ಇದಕ್ಕೂ ಏನು ಸಂಬಂಧ ಎಂದು ಆಗ ಹೊಳೆಯಲಿಲ್ಲ.

ಸೋಮವಾರ ಫ್ಲೋರಿಗೆ ಬಂದೆ. ಮೊದಲು ಮಾಡಿದ್ದು ಪೆದ್ದು ಕೆಲಸ. ಮೊದಲ ದಿನದ ಹುಡುಗ ಹೇಳಿಕೊಟ್ಟ ಹಾಗೆ ಸ್ಯಾಂಡ್‌ವಿಚ್ ಮಾಡಲು ಹೋದೆ. ಕಫ್ ಹಾಕುವ ಹುಡುಗಿಯ ಹತ್ತಿರ ಹೋಗಿ, ‘ನಿನ್ನ ಕೆಲಸ ತುಂಬಾ ಚೆನ್ನಾಗಿದೆ’ ಎಂದು ಶುರು ಮಾಡಿದ ಕೂಡಲೇ ಅವಳು ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು. ‘ಅಕ್ಕಾ, ನನ್ನ ಕೆಲಸದಿಂದ ತೆಗೀತಿದ್ದೀರಾ?’ ಅಂದಳು. ಸುತ್ತ ಇದ್ದವರೆಲ್ಲ ಕಿಸಕ್ಕನೆ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಇಡೀ ಫ್ಲೋರಿಗೆ ಸುದ್ದಿ ಹಬ್ಬಿತು, ಮೇಡಂಗೆ ಹುಷಾರಿಲ್ಲ ಅಂತ. ಈಗಲೂ ಟೀ ಬ್ರೇಕಿನಲ್ಲಿ ಅದನ್ನೇ ಹೇಳಿ ಆಡಿಕೊಳ್ಳುತ್ತಾರೆ.

ಎರಡನೇ ದಿನ ಕಲಿತದ್ದು ಮಾತ್ರ ಕೈ ಹಿಡಿಯಿತು. ಕಾಲರ್ ಕೂರಿಸುವ ಟೈಲರ್ ಒಬ್ಬರಿದ್ದಾರೆ, ನಲವತ್ಮೂರು ವರ್ಷ, ನನಗಿಂತ ಹಳಬರು, ನಾನು ಹೆಲ್ಪರ್ ಆಗಿದ್ದಾಗ ನನಗೆ ಬಟ್ಟೆ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ ಹೇಳಿಕೊಟ್ಟವರೇ ಅವರು. ಅಂಥವರ ಕೈಯಲ್ಲಿ ಎರಡು ತಿಂಗಳಿಂದ ಪೀಸ್ ಇಳಿಯುತ್ತಿತ್ತು. ಕಾಲರ್ ಹತ್ತಿರ ಮಾಲು ನಿಂತರೆ ಹಿಂದೆ ಗುಡ್ಡೆ ಬೀಳುತ್ತದೆ, ಮುಂದಿನವರು ಖಾಲಿ ಕೂರುತ್ತಾರೆ, ಇಡೀ ಬ್ಯಾಚ್ ಕುಂಟುತ್ತದೆ. ನಾನು ಅವರಿಗೆ ಏನೇನು ಅಂದಿದ್ದೆ ಎಂದು ಇಲ್ಲಿ ಬರೆಯಲು ನಾಚಿಕೆ. ಆ ವಾರ ಬೈಯಲಿಲ್ಲ. ಪಕ್ಕದ ಸ್ಟೂಲ್ ಎಳೆದುಕೊಂಡು ಹತ್ತು ನಿಮಿಷ ಸುಮ್ಮನೆ ಕೂತು ನೋಡಿದೆ. ಬಿಳಿ ಶರ್ಟ್ ಬಂದಾಗ ಕೈ ಸರಾಗ ಓಡುತ್ತಿತ್ತು. ನೇವಿ ಬ್ಲೂ ಬಂಡಲ್ ಬಂದ ತಕ್ಷಣ ತಲೆ ಬಗ್ಗಿತು. ಬಗ್ಗಿ, ಮೂಗು ಸೂಜಿಗೆ ತಾಗುವಷ್ಟು ಹತ್ತಿರ. ನೇವಿ ಬಟ್ಟೆ, ನೇವಿ ದಾರ. ದಾರ ತುಂಡಾದಾಗ ಸೂಜಿಗೆ ಪೋಣಿಸಲು ಮೂರು ಸಲ ತಪ್ಪಿದರು, ಆಮೇಲೆ ಪಕ್ಕದ ಹುಡುಗಿ ಕೇಳದೆಯೇ ಕೈ ಚಾಚಿ ಪೋಣಿಸಿಕೊಟ್ಟಳು. ಆ ಹುಡುಗಿಗೆ ಗೊತ್ತಿತ್ತು. ಸುತ್ತಲಿನ ಐದಾರು ಜನಕ್ಕೂ ಗೊತ್ತಿತ್ತು. ಗೊತ್ತಿಲ್ಲದ್ದು ನನಗೊಬ್ಬಳಿಗೆ.

ಊಟದ ಹೊತ್ತಿನಲ್ಲಿ ಪಕ್ಕ ಕೂತು ಕೇಳಿದೆ. ‘ಅಕ್ಕಾ, ಕಣ್ಣು ಕಾಣ್ತಿಲ್ವಾ?’

‘ಹಂಗೇನಿಲ್ಲ’ ಅಂದರು. ಸ್ವಲ್ಪ ಹೊತ್ತು ಅನ್ನ ಕಲಸಿದರು. ‘ಚಾಳೀಸು ಹಾಕ್ಕೊಂಡು ಕೂತ್ರೆ ಮುದುಕಿ ಆದ್ಲು ಅಂತ ಹೆಲ್ಪರ್‌ಗೆ ಇಳಿಸ್ತೀರಲ್ಲವ್ವ.’

ಅವರ ಮಾತು ಸುಳ್ಳಲ್ಲ. ಹಾಗೆ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ಇಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಆ ಭಾನುವಾರ ಇಬ್ಬರೂ ಕನ್ನಡಕದ ಅಂಗಡಿಗೆ ಹೋದೆವು, ಅಲ್ಲೇ ಪರೀಕ್ಷೆ ಮಾಡಿ 350 ರೂಪಾಯಿಗೆ ಕೊಟ್ಟರು. ಅವರೇ ದುಡ್ಡು ಕೊಟ್ಟರು, ನನ್ನ ಹತ್ತಿರ ಇಸ್ಕೊಳ್ಳಲಿಲ್ಲ. ಸೋಮವಾರ ಮೊದಲ ನೇವಿ ಬಂಡಲ್ ಬಿಚ್ಚಿ ಚಾಳೀಸು ಹಾಕಿಕೊಂಡು ದಾರ ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು. ತಲೆ ಎತ್ತಿ ನನ್ನ ಕಡೆ ನೋಡಲೂ ಇಲ್ಲ, ಪೆಡಲ್ ಒತ್ತಿದರು. ಗಂಟೆಗೆ ಎಷ್ಟು ಪೀಸ್ ಆಯಿತು ಎಂದು ಬರೆಯುವ ಬೋರ್ಡಿನಲ್ಲಿ ಕಡಿಮೆ ಬಿದ್ದದ್ದಕ್ಕೆ ಕೆಂಪು ಪೆನ್ನು, ಆ ವಾರ ಕಾಲರ್ ಹತ್ತಿರ ನಾನು ಅದನ್ನು ಮುಟ್ಟಿಸಲಿಲ್ಲ. ಆಮೇಲೆ ಬ್ಯಾಚಿನಲ್ಲಿ ಇನ್ನೂ ಮೂವರು ತಾವಾಗಿಯೇ ಬಂದು, ಅದು ಯಾವ ಅಂಗಡಿ ಎಂದು ಕೇಳಿದರು.

ಈ ಒಂದಕ್ಕೇ ಎರಡು ಸ್ಟಾರ್. ಉಳಿದ ಒಂದು ಊಟಕ್ಕೆ.

ಈಗ ಎರಡು ಸ್ಟಾರ್ ಯಾಕೆ ಕಿತ್ತುಕೊಂಡೆ ಎಂದು ಹೇಳಬೇಕು. ಮಂಡ್ಯದ ಮೇಡಂ ಕೊನೆಗೆ ಸತೀಶ್ ಧವನ್ ಅವರ ವಿಷಯ ಹೇಳಿದರು. ಇಸ್ರೋ ಅಧ್ಯಕ್ಷರಾಗಿದ್ದವರು. 1979ರ ಆಗಸ್ಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿಸಿದ ರಾಕೆಟ್ ಸಮುದ್ರಕ್ಕೆ ಬಿತ್ತು. ಆ ಯೋಜನೆ ಅಬ್ದುಲ್ ಕಲಾಂ ಅವರದ್ದು. ಆದರೆ ಪತ್ರಕರ್ತರ ಮುಂದೆ ಹೋಗಿ ನಿಂತು ಸೋಲನ್ನು ತಮ್ಮ ಮೇಲೆ ಹಾಕಿಕೊಂಡಿದ್ದು ಧವನ್. ಮುಂದಿನ ವರ್ಷ ಜುಲೈಯಲ್ಲಿ ಗೆದ್ದಾಗ, ನೀವೇ ಹೋಗಿ ಮಾತಾಡಿ ಎಂದು ಕಲಾಂ ಅವರನ್ನು ಕಳಿಸಿದರು. ಇದು ಎಲ್ಲ ಟ್ರೇನಿಂಗಿನಲ್ಲೂ ಹೇಳುವ ಕಥೆಯೇ ಇರಬಹುದು, ನಾನು ಕೇಳಿದ್ದು ಅದೇ ಮೊದಲು. ಕೇಳಿ ಗಂಟಲು ಕಟ್ಟಿತು, ಆಮೇಲೆ ಸಿಟ್ಟು ಬಂತು. ಯಾಕೆಂದರೆ ಈ ಕಥೆಯನ್ನು ಕೇಳಬೇಕಾದವರು ಆ ರೂಮಿನಲ್ಲಿ ಇರಲೇ ಇಲ್ಲ.

ನಮ್ಮ ಫ್ಲೋರಿನಲ್ಲಿ ಟಾರ್ಗೆಟ್ ಮುಟ್ಟಿದ ದಿನ ಪಿಎಂ ಬಾಯಲ್ಲಿ ‘ನನ್ನ ಫ್ಲೋರ್’, ಮುಟ್ಟದ ದಿನ ‘ನಿನ್ನ ಬ್ಯಾಚ್’. ಎಂಟು ಗಂಟೆಗೆ ಟಾರ್ಗೆಟ್ ಕೊಡುತ್ತಾರೆ, ಹನ್ನೊಂದಕ್ಕೆ ಶಿಪ್‌ಮೆಂಟ್ ಇದೆ ಎಂದು ಏರಿಸುತ್ತಾರೆ, ಮಧ್ಯಾಹ್ನ ನನ್ನ ಇಬ್ಬರು ಟೈಲರ್‌ಗಳನ್ನು ಬೇರೆ ಬ್ಯಾಚಿಗೆ ಎಳೆದುಕೊಂಡು ಹೋಗುತ್ತಾರೆ, ಐದಕ್ಕೆ ಬಂದು ಎಲ್ಲರ ಎದುರಿಗೆ ನನ್ನ ಮೇಲೆ ಕೂಗುತ್ತಾರೆ. ಆ ಕೂಗು ನನ್ನ ಹತ್ತಿರ ನಿಲ್ಲುವುದಿಲ್ಲ, ಕೆಳಗೆ ಹರಿಯುತ್ತದೆ, ಇಳಿಜಾರಿನಲ್ಲಿ ನೀರು ಬಿಟ್ಟ ಹಾಗೆ. ಮಗುವಿಗೆ ಜ್ವರ ಅಂತ ಒಬ್ಬಳು ಎರಡು ಗಂಟೆ ಪರ್ಮಿಷನ್ ಕೇಳಿದರೆ ಕೊಡುವ ಅಧಿಕಾರ ನನಗಿಲ್ಲ, ಪಿಎಂ ಸೈನ್ ಬೇಕು. ಪಿಎಂ ಮೀಟಿಂಗಿನಲ್ಲಿ ಇರುತ್ತಾರೆ. ನಾನು ಎಷ್ಟು ಪ್ರೀತಿಯಿಂದ ಅವಳ ಹೆಗಲ ಮೇಲೆ ಕೈ ಇಟ್ಟರೂ ಗೇಟಿನಲ್ಲಿ ಸೆಕ್ಯೂರಿಟಿ ಕೇಳುವುದು ಚೀಟಿಯನ್ನೇ. ಎರಡು ದಿನದಲ್ಲಿ ಈ ವಿಷಯವನ್ನು ಯಾರೂ ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಮಂಡ್ಯದ ಮೇಡಂ ಹತ್ತಿರ ಹೋಗಿ ಕೇಳಿದೆ. ‘ದುಡ್ಡು ಕೊಡೋರು ಮೇಲಿನೋರು ಕಣಮ್ಮ, ಅವರಿಗೇ ಪಾಠ ಮಾಡೋಕೆ ಅವರು ದುಡ್ಡು ಕೊಡಲ್ಲ’ ಅಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಯಿತು.

ಎಚ್‌ಆರ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ಬುಕ್ ಮಾಡುವ ಮೊದಲು ಟ್ರೇನರ್ ಫ್ಲೋರ್ ಕಂಡವರಾ ಎಂದು ಕೇಳಿ. ಎರಡು ದಿನ ಬೇಡ, ಒಂದು ದಿನ ಸಾಕು, ಉಳಿದ ಒಂದು ದಿನವನ್ನು ತಿಂಗಳಿಗೆ ಒಂದು ಗಂಟೆಯ ಹಾಗೆ ಹಂಚಿ ಕೊಡಿ ಅನ್ನಿ. ಪಿಎಂ, ಫ್ಲೋರ್ ಇನ್‌ಚಾರ್ಜ್ ಎಲ್ಲರನ್ನೂ ಅದೇ ರೂಮಿನಲ್ಲಿ ಕೂರಿಸಿ, ನಾಟಕದಲ್ಲಿ ಅವರನ್ನೇ ಟೈಲರ್ ಮಾಡಿ. ಟ್ರೇನಿಂಗ್ ಮುಗಿದ ದಿನ ಸೂಪರ್‌ವೈಸರ್ ಕೈಗೆ ಸರ್ಟಿಫಿಕೇಟ್ ಬದಲು ಎರಡು ಗಂಟೆಯ ಪರ್ಮಿಷನ್ ಚೀಟಿಗೆ ಸೈನ್ ಹಾಕುವ ಅಧಿಕಾರ ಕೊಡಿ, ಸರ್ಟಿಫಿಕೇಟ್ ನನ್ನ ಮನೆಯಲ್ಲಿ ಟಿವಿ ಹಿಂದೆ ಬಿದ್ದಿದೆ. ಸೂಪರ್‌ವೈಸರ್‌ಗಳಾದರೆ, ಕಳಿಸಿದರೆ ಹೋಗಿ ಬನ್ನಿ, ಒಂದು ಸ್ವೆಟರ್ ತೆಗೆದುಕೊಂಡು ಹೋಗಿ.

ಮುಂದಿನ ತಿಂಗಳು ಇದೇ ಟ್ರೇನಿಂಗ್ ಇನ್ನೊಂದು ಸಲ ಇದೆಯಂತೆ. ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಿದ್ದಾರೆ, ಹೋಗಿ ನೋಡಿದೆ. ಎಂಟು ಜನ, ಎಂಟೂ ಸೂಪರ್‌ವೈಸರ್‌ಗಳೇ. ಕೆಳಗೆ ಸೈನ್ ಹಾಕಿದವರು ನಮ್ಮ ಪಿಎಂ.